ಆಬ್ಜೆಕ್ಟ್‌ಗಳಿಗೂ ಉಪ್ಪಿನಕಾಯಿ ಹಾಕಿಡಿ

ಅಂಗಡಿಯ ಉದ್ರಿ ಲೆಕ್ಕಕ್ಕೆ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದಿದ್ದೀರಿ ಅಂದುಕೊಳ್ಳಿ. ‘ಗಿರಾಕಿ’ ಅಂತ ಒಂದು ಕ್ಲಾಸ್, ಅಂದರೆ ಅಚ್ಚು. (ಪೈಥಾನ್ 3ರಲ್ಲಿ ಕ್ಲಾಸ್‌ಗೆ ಕನ್ನಡದ ಹೆಸರೇ ಇಡಬಹುದು.) ಅದರಲ್ಲಿ ಹೆಸರು, ಬಾಕಿ. ಆ ಅಚ್ಚಿನಿಂದ ಮಾಡಿದ ಇಪ್ಪತ್ತು ಗಿರಾಕಿಗಳು, ಅಂದರೆ ಆಬ್ಜೆಕ್ಟ್‌ಗಳು, ಒಂದು ಲಿಸ್ಟ್‌ನಲ್ಲಿದ್ದಾರೆ. ಪ್ರೋಗ್ರಾಂ ಮುಚ್ಚಿದಿರೋ, ಎಲ್ಲರ ಬಾಕಿಯೂ ಮನ್ನಾ! ಆಬ್ಜೆಕ್ಟ್‌ಗಳು ಇರುವುದು ರ‍್ಯಾಮ್‌ನಲ್ಲಿ ಮಾತ್ರ ಅಲ್ವಾ.

ಇದಕ್ಕೆ ಪೈಥಾನ್ ಜೊತೆಗೇ ಬರುವ ಮಾಡ್ಯೂಲ್ ‘ಪಿಕಲ್’. ಹೌದು, ಉಪ್ಪಿನಕಾಯಿಯೇ. ಮೊದಲು ಅದನ್ನು ಇಂಪೋರ್ಟ್ ಮಾಡಿ. ಫೈಲನ್ನು ‘ಡಬ್ಲ್ಯೂಬಿ’ (ಬೈನರಿಯಾಗಿ ಬರೆಯುವ) ಮೋಡ್‌ನಲ್ಲಿ ತೆರೆಯಿರಿ. ಪಿಕಲ್ ಬರೆಯುವುದು ಬೈಟ್‌ಗಳನ್ನು, ಹಾಗಾಗಿ ‘ಬಿ’ ಮರೆತರೆ ಟೈಪ್ ಎರರ್ ಗ್ಯಾರಂಟಿ. ಆಮೇಲೆ ‘ಡಂಪ್’ಗೆ ಲಿಸ್ಟ್ ಮತ್ತು ಫೈಲ್ ಎರಡನ್ನೂ ಕೊಟ್ಟರೆ ಮುಗಿಯಿತು. ಒಬ್ಬೊಬ್ಬ ಗಿರಾಕಿಯನ್ನೇ ಬರೆಯುವ ಅಗತ್ಯವಿಲ್ಲ.

ಒಂದು ಎಚ್ಚರ. ಈ ಮೋಡ್‌ನಲ್ಲಿ ಫೈಲ್ ತೆರೆದ ಕೂಡಲೇ ಹಳೆಯದೆಲ್ಲ ಅಳಿಸಿಹೋಗುತ್ತದೆ. ಬರೆಯುವಾಗಲೇ ಕರೆಂಟ್ ಹೋದರೆ ಹಳೆಯ ಲೆಕ್ಕವೂ ಇಲ್ಲ, ಹೊಸದೂ ಇಲ್ಲ. ಬೇರೆ ಹೆಸರಿನ ಫೈಲ್‌ಗೆ ಬರೆದು, ಮುಗಿದ ಮೇಲೆ ಹಳೆಯದರ ಜಾಗಕ್ಕೆ ತನ್ನಿ.

ವಾಪಸ್ ಪಡೆಯಲು ‘ಆರ್‌ಬಿ’ (ಬೈನರಿಯಾಗಿ ಓದುವ) ಮೋಡ್, ‘ಲೋಡ್’. ಇಷ್ಟೇ. ಆದರೆ ಜಾಸ್ತಿ ಜನ ಎಡವುವುದು ಇಲ್ಲೇ. ಫೈಲ್‌ನಲ್ಲಿ ಇರುವುದು ಆಬ್ಜೆಕ್ಟ್‌ನ ಮಾಹಿತಿ ಮತ್ತು ಕ್ಲಾಸ್‌ನ ಹೆಸರು, ಅದು ಯಾವ ಮಾಡ್ಯೂಲ್‌ನಲ್ಲಿದೆ ಎಂಬ ವಿಳಾಸ. ಕ್ಲಾಸ್‌ನ ಕೋಡ್ ಅಲ್ಲ. ‘ಗಿರಾಕಿ’ಯನ್ನು ‘ಗ್ರಾಹಕ’ ಅಂತ ಬದಲಿಸಿದರೆ ಹಳೆಯ ಫೈಲ್ ತೆರೆಯುವುದೇ ಇಲ್ಲ.

ನಾನು ಹೆಸರು ಬದಲಿಸಿರಲಿಲ್ಲ, ಸುಮ್ನೆ ‘ಫೋನ್’ ಅಂತ ಒಂದನ್ನು ಸೇರಿಸಿದ್ದೆ. ಹಳೆಯ ಫೈಲ್ ಚೆನ್ನಾಗಿಯೇ ತೆರೆಯಿತು. ಫೋನ್ ನಂಬರ್ ಕೇಳಿದ ತಕ್ಷಣ ಆಟ್ರಿಬ್ಯೂಟ್ ಎರರ್, ಅಂಥದ್ದೇ ಇಲ್ಲ ಅಂತ! ಲೋಡ್ ಆಗುವಾಗ ಪೈಥಾನ್ ‘ಇನಿಟ್’ ಅನ್ನು (ಹೊಸ ಆಬ್ಜೆಕ್ಟ್ ಹುಟ್ಟುವಾಗ ಅದರ ಬೆಲೆಗಳನ್ನು ತುಂಬುವ ಫಂಕ್ಷನ್) ಕರೆಯುವುದಿಲ್ಲ, ಉಳಿಸಿದ್ದನ್ನಷ್ಟೇ ತುಂಬುತ್ತದೆ. ಹಳೆಯ ಗಿರಾಕಿಗಳಿಗೆ ಫೋನ್ ಎಲ್ಲಿಂದ ಬರಬೇಕು? ಇನಿಟ್‌ನ ಹೊರಗೆ, ಕ್ಲಾಸ್‌ನ ಮೈಯಲ್ಲೇ ‘ಫೋನ್’ಗೆ ಖಾಲಿ ಬೆಲೆ ಕೊಟ್ಟೆ. ಸರಿಹೋಯಿತು.

ಇದೇ ಕೆಲಸಕ್ಕೆ ಜಾವಾ ಭಾಷೆಯಲ್ಲಾದರೆ ಕ್ಲಾಸ್ ‘ಸೀರಿಯಲೈಸಬಲ್’ (ಹೀಗೆ ಉಳಿಸಬಹುದಾದದ್ದು) ಅಂತ ಮೊದಲೇ ಹೇಳಬೇಕು. ಪಾಸ್‌ವರ್ಡ್‌ನಂಥದ್ದು ಫೈಲ್‌ಗೆ ಹೋಗಬಾರದು ಅಂದರೆ ಅದಕ್ಕೆ ‘ಟ್ರಾನ್ಸಿಯೆಂಟ್’ ಎಂಬ ಪದ ಹಚ್ಚಬೇಕು.

ಅಪರಿಚಿತರು ಕಳಿಸಿದ ಪಿಕಲ್ ಫೈಲನ್ನು ಮಾತ್ರ ಮುಟ್ಟಬೇಡಿ. ಲೋಡ್ ಮಾಡುವಾಗಲೇ ಅದು ನಿಮ್ಮ ಕಂಪ್ಯೂಟರಿನಲ್ಲಿ ಬೇಕಾದ ಕೋಡ್ ಓಡಿಸಬಲ್ಲದು. ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಲೆಕ್ಕಕ್ಕೆ ಜೇಸನ್ (JSON, ಮಾಹಿತಿಯನ್ನು ಬರೀ ಪಠ್ಯವಾಗಿ ಬರೆದಿಡುವ ರೀತಿ) ವಾಸಿ. ಆದರೆ ಅದಕ್ಕೆ ನಿಮ್ಮ ಕ್ಲಾಸ್‌ಗಳ ಪರಿಚಯವಿಲ್ಲ. ಹೆಸರು, ಬಾಕಿಗಳನ್ನು ಡಿಕ್ಷನರಿ ಮಾಡಿ ಕೊಡಿ, ಓದುವಾಗ ಗಿರಾಕಿಯನ್ನು ನೀವೇ ಮತ್ತೆ ಕಟ್ಟಿಕೊಳ್ಳಿ.