‘ನ್ಯಾನೊ’ ಕೀಮೋ ಸೂಚಿಸಿದಾಗ ಕೇಳಬೇಕಾದದ್ದು, ಗಮನಿಸಬೇಕಾದದ್ದು

‘ಮಾಮೂಲಿನದು ಒಂದಿದೆ, ನ್ಯಾನೊ ಒಂದಿದೆ, ಯಾವುದು ಕೊಡೋಣ?’ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಯ ಮನೆಯವರ ಮುಂದೆಯೇ ಇಡುವುದುಂಟು. ಎರಡರ ಬೆಲೆಯಲ್ಲಿ ಅಂತರವಿರುವುದರಿಂದ, ದುಬಾರಿಯಾದದ್ದು ಬೇಗ ಗುಣಪಡಿಸುತ್ತದೆ ಎಂದು ನಂಬಿ ಸಾಲ ಮಾಡಿಯಾದರೂ ಒಪ್ಪಿಕೊಳ್ಳುವವರಿದ್ದಾರೆ. ಹೊಸದೇನೋ ಪ್ರಯೋಗ ಮಾಡುತ್ತಿದ್ದಾರೆ ಎಂದು ಹೆದರಿ ಬೇಡವೆನ್ನುವವರೂ ಇದ್ದಾರೆ. ಎರಡೂ ಆತುರದ ತೀರ್ಮಾನಗಳೇ.

ಮೊದಲು ಔಷಧದ ಮೂಲ ಹೆಸರನ್ನು ಕೇಳಿ ಬರೆದುಕೊಳ್ಳಿ. ಇಂದು ಆಸ್ಪತ್ರೆಯಲ್ಲಿ ನ್ಯಾನೊ ಎಂದು ಕರೆಯುವ ಕೀಮೋಗಳಲ್ಲಿ ಬಹುಪಾಲು ಹಳೆಯ ಔಷಧಗಳೇ ಆಗಿದ್ದು, ಬದಲಾಗಿರುವುದು ಅವುಗಳನ್ನು ಹೊತ್ತೊಯ್ಯುವ ಕಣ ಮಾತ್ರ. ಡಾಕ್ಸೊರುಬಿಸಿನ್ ಎಂಬ ಔಷಧವನ್ನು ಕೊಬ್ಬಿನ ಪದರದ ಸೂಕ್ಷ್ಮ ಗುಳ್ಳೆಯೊಳಗೆ ತುಂಬಿದರೆ ಅದು ಲೈಪೊಸೋಮಲ್ ಡಾಕ್ಸೊರುಬಿಸಿನ್. ಅಮೆರಿಕದಲ್ಲಿ ಇದಕ್ಕೆ 1995ರಲ್ಲೇ ಅನುಮತಿ ಸಿಕ್ಕಿತ್ತು. ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ರಕ್ತದಲ್ಲಿರುವ ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿ ಸುಮಾರು 130 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಗಾತ್ರದ ಕಣವಾಗಿಸಿದರೆ ಅದು ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್. ಅದಕ್ಕೆ 2005ರಲ್ಲಿ ಅನುಮತಿ ದೊರೆಯಿತು. ಆದ್ದರಿಂದ ಇವನ್ನು ‘ಪ್ರಯೋಗ’ ಎಂದು ಹೆದರಬೇಕಾಗಿಲ್ಲ. ಬ್ರ್ಯಾಂಡ್ ಹೆಸರುಗಳು ಹತ್ತಾರು ಇರುವುದರಿಂದ, ಫೈಲಿನಲ್ಲಿ ಮೂಲ ಹೆಸರೂ ‘ಲೈಪೊಸೋಮಲ್’ ಅಥವಾ ‘ಆಲ್ಬುಮಿನ್’ ಎಂಬ ಪದವೂ ಸ್ಪಷ್ಟವಾಗಿ ನಮೂದಾಗಿರಲಿ. ಮುಂದೆ ಬೇರೆ ಆಸ್ಪತ್ರೆಗೆ ಹೋದಾಗ ಒಂದರ ಬದಲಿಗೆ ಇನ್ನೊಂದನ್ನು ಅದೇ ಪ್ರಮಾಣದಲ್ಲಿ ಕೊಡುವಂತಿಲ್ಲ: ಮೂರು ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ ಸಾಮಾನ್ಯ ಪ್ಯಾಕ್ಲಿಟ್ಯಾಕ್ಸೆಲ್ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 175 ಮಿಲಿಗ್ರಾಂ ಆದರೆ, ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ 260 ಮಿಲಿಗ್ರಾಂ. ಈ ಅಂಕಿ ನೋಡಿ ‘ಡೋಸ್ ಜಾಸ್ತಿಯಾಯಿತು’ ಎಂದು ಗಾಬರಿಯಾಗಬೇಡಿ.

ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು: ‘ನಮ್ಮ ರೋಗಿಗೆ ಇದರಿಂದ ಯಾವ ತೊಂದರೆ ತಪ್ಪುತ್ತದೆ?’ ‘ಇದು ಒಳ್ಳೆಯದಾ?’ ಎಂದು ಕೇಳಿದರೆ ‘ಒಳ್ಳೆಯದೇ’ ಎಂಬ ಉತ್ತರವಷ್ಟೇ ಸಿಗುತ್ತದೆ. ನ್ಯಾನೊ ಕಣ ನೇರವಾಗಿ ಗಡ್ಡೆಯನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬ ವಿವರಣೆಯನ್ನು ಪೂರ್ತಿ ನಂಬಬೇಡಿ. ಗಡ್ಡೆಯ ರಕ್ತನಾಳಗಳು ಸೋರುವಂಥವಾದ್ದರಿಂದ ದೊಡ್ಡ ಕಣಗಳು ಅಲ್ಲಿ ಹೊರಬಂದು ತಂಗುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಯೆದಾ 1986ರಲ್ಲಿ ತೋರಿಸಿದ್ದು ನಿಜ. ಆದರೆ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಚುಚ್ಚಿದ ಕಣಗಳಲ್ಲಿ ಗಡ್ಡೆಯನ್ನು ತಲುಪಿದ್ದರ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಶೇ 0.7 ಮಾತ್ರ. ಇಲ್ಲಿ ನನಗೆ ಮುಖ್ಯವೆನಿಸುವುದು ಕಣ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕಿಂತ ಎಲ್ಲಿಗೆ ಹೋಗುವುದಿಲ್ಲ ಎನ್ನುವುದು. ಹೃದಯದ ರಕ್ತನಾಳಗಳ ಗೋಡೆ ಬಿಗಿಯಾಗಿರುವುದರಿಂದ ಲೈಪೊಸೋಮ್ ಅಲ್ಲಿ ಸುಲಭವಾಗಿ ಹೊರಬಾರದು. ಡಾಕ್ಸೊರುಬಿಸಿನ್‌ನ ದೊಡ್ಡ ಅಪಾಯವಾದ ಹೃದಯದ ಹಾನಿ ಇದರಿಂದ ಕಡಿಮೆಯಾಗುತ್ತದೆ. ದೇಹದ ಇತರೆಡೆಗೆ ಹರಡಿದ ಸ್ತನ ಕ್ಯಾನ್ಸರಿನಲ್ಲಿ ಎರಡು ರೂಪಗಳನ್ನೂ ಹೋಲಿಸಿದಾಗ ರೋಗದ ಹತೋಟಿ ಹೆಚ್ಚುಕಡಿಮೆ ಸಮನಾಗಿಯೇ ಇತ್ತು, ಹೃದಯದ ತೊಂದರೆ ಮಾತ್ರ ಗಣನೀಯವಾಗಿ ತಗ್ಗಿತ್ತು. ಅಂದರೆ, ಹೃದಯ ದುರ್ಬಲವಾಗಿರುವ ಅಥವಾ ಹಿಂದೆ ಡಾಕ್ಸೊರುಬಿಸಿನ್ ಪಡೆದಿರುವ ರೋಗಿಗೆ ಈ ಖರ್ಚಿಗೆ ಅರ್ಥವಿದೆ. ಹಳೆಯ ಕೀಮೋ ದಾಖಲೆಗಳನ್ನೂ ಹೃದಯದ ಇತ್ತೀಚಿನ ಎಕೋ ರಿಪೋರ್ಟನ್ನೂ ತಪ್ಪದೆ ತೋರಿಸಿ, ಏಕೆಂದರೆ ಜೀವಮಾನದ ಒಟ್ಟು ಪ್ರಮಾಣದ ಲೆಕ್ಕ ಲೈಪೊಸೋಮಿಗೂ ಇದ್ದೇ ಇರುತ್ತದೆ.

ಪ್ಯಾಕ್ಲಿಟ್ಯಾಕ್ಸೆಲ್‌ನ ವಿಚಾರ ಸ್ವಲ್ಪ ತೊಡಕಿನದು. ಅದು ನೀರಿನಲ್ಲಿ ಕರಗದ ಕಾರಣ ಸಾಮಾನ್ಯ ರೂಪದಲ್ಲಿ ಅದನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಮತ್ತು ಆಲ್ಕೊಹಾಲ್‌ನಲ್ಲಿ ಕರಗಿಸಿ ಕೊಡುತ್ತಾರೆ. ತೀವ್ರ ಅಲರ್ಜಿಗೆ ಬಹುಮಟ್ಟಿಗೆ ಆ ದ್ರಾವಕವೇ ಕಾರಣವಾದ್ದರಿಂದ ಮುಂಚಿತವಾಗಿ ಸ್ಟೀರಾಯ್ಡ್ ಕೊಡಬೇಕಾಗುತ್ತದೆ, ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ. ನ್ಯಾಬ್ ರೂಪದಲ್ಲಿ ಆ ದ್ರಾವಕವಿಲ್ಲ. ಹಾಗಾದರೆ ಮಧುಮೇಹಿಗಳಿಗೆಲ್ಲ ಅದೇ ಸೂಕ್ತವೆನ್ನೋಣವೇ? ಹಾಗೆನ್ನಲಾಗದು. ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಹೆಚ್ಚು, ಮತ್ತು ಹಳೆಯ ಸಕ್ಕರೆ ಕಾಯಿಲೆಯವರ ನರಗಳು ಮೊದಲೇ ಸೊರಗಿರಬಹುದು. ಪಾದ ಉರಿಯುತ್ತದೆಯೇ, ಚಪ್ಪಲಿ ಕಾಲಿನಿಂದ ಕಳಚಿದ್ದು ಗೊತ್ತಾಗದೆ ಹೋಗುತ್ತದೆಯೇ ಎಂಬುದನ್ನು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ.

ಪರಿಣಾಮದ ಲೆಕ್ಕವೂ ಒಂದೇ ತೆರನಾಗಿಲ್ಲ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಮೂರು ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ ಗಡ್ಡೆ ಕುಗ್ಗಿದ ರೋಗಿಗಳು ಸಾಮಾನ್ಯ ರೂಪದಲ್ಲಿ ಶೇ 19 ಆದರೆ ನ್ಯಾಬ್ ರೂಪದಲ್ಲಿ ಶೇ 33 ಎಂದು 2005ರ ಅಧ್ಯಯನ ತೋರಿಸಿತು. ಆದರೆ ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ ಹೋಲಿಸಿದ 2015ರ ಅಧ್ಯಯನದಲ್ಲಿ ನ್ಯಾಬ್ ಮೇಲುಗೈ ಸಾಧಿಸಲಿಲ್ಲ, ಅಡ್ಡಪರಿಣಾಮಗಳೇ ಹೆಚ್ಚಾದವು. ಆದ್ದರಿಂದ ‘ವಾರವಾರ ಸಾಮಾನ್ಯ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರೆ ಸಾಕಾಗುವುದಿಲ್ಲವೇ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಮಾತ್ರ ಈ ಚೌಕಾಸಿಗೆ ಅವಕಾಶ ಕಡಿಮೆ. ಅಲ್ಲಿ ಜೆಮ್‌ಸಿಟಬಿನ್ ಜೊತೆಗೆ ನ್ಯಾಬ್ ರೂಪವೇ ಪರೀಕ್ಷೆಗೊಳಗಾಗಿ 2013ರಿಂದ ಬಳಕೆಯಲ್ಲಿದೆ.

ಹಣದ ವಿಷಯವನ್ನು ಮೊದಲ ಡ್ರಿಪ್‌ಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವವರು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಬಳಿ ಬಿಪಿಎಲ್ ಕಾರ್ಡಿನ ಜೊತೆಗೆ ಔಷಧದ ಮೂಲ ಹೆಸರನ್ನು ಕೊಟ್ಟು, ಆ ರೂಪವೇ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ವಿಚಾರಿಸಬೇಕು. ಖಾಸಗಿ ವಿಮೆಯಿದ್ದರೆ, ವಿಮೆಯ ಕ್ಲೇಮು ನೋಡಿಕೊಳ್ಳುವ ಟಿಪಿಎ ಕೌಂಟರಿನಲ್ಲಿ ಎಲ್ಲ ಸೈಕಲ್‌ಗಳ ಎಸ್ಟಿಮೇಟನ್ನು ಒಟ್ಟಿಗೇ ಕೊಡಿ. ಮಧ್ಯದಲ್ಲಿ ಹಣ ಸಾಲದೆ ಔಷಧ ಬದಲಿಸುವ ಪರಿಸ್ಥಿತಿ ಬರಬಾರದು.

ಡ್ರಿಪ್ ಏರಿಸುವ ದಿನ ಬಾಟಲಿಯನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಸಾಮಾನ್ಯ ಪ್ಯಾಕ್ಲಿಟ್ಯಾಕ್ಸೆಲ್ ನೀರಿನಂತೆ ತಿಳಿಯಾಗಿದ್ದು, ಮೂರು ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ ಮೂರು ಗಂಟೆ ಹಿಡಿಯುತ್ತದೆ. ನ್ಯಾಬ್ ರೂಪ ಹಾಲಿನಂತೆ ಬೆಳ್ಳಗಿದ್ದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಲೈಪೊಸೋಮಲ್ ಡಾಕ್ಸೊರುಬಿಸಿನ್ ತುಸು ಮಸುಕಾದ ಕೆಂಪು. ಅದನ್ನು ಶೇ 5ರ ಡೆಕ್ಸ್ಟ್ರೋಸ್‌ನಲ್ಲೇ ಬೆರೆಸಬೇಕು, ಸಲೈನ್‌ನಲ್ಲಿ ಬೆರೆಸುವಂತಿಲ್ಲ. ‘ಶುಗರ್ ಇರುವವರಿಗೆ ಗ್ಲೂಕೋಸ್ ಹಾಕುತ್ತಿದ್ದಾರೆ’ ಎಂದು ಸಿಸ್ಟರ್ ಜೊತೆ ಜಗಳಕ್ಕೆ ನಿಲ್ಲುವವರಿಗೆ ಒಂದು ಮಾತು: 250 ಮಿಲಿಲೀಟರ್ ಬಾಟಲಿಯಲ್ಲಿರುವುದು ಸುಮಾರು 12.5 ಗ್ರಾಂ ಸಕ್ಕರೆ ಅಷ್ಟೇ. ಈ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ್ದರಿಂದ, ಹೊರಗಿನ ಅಂಗಡಿಯಿಂದ ತರುವಾಗ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲೇ ತನ್ನಿ, ಆದರೆ ಫ್ರೀಜರಿನಲ್ಲಿ ಇಡಬೇಡಿ. ಮೊದಲ ಡ್ರಿಪ್ಪನ್ನು ಬೇಕೆಂದೇ ನಿಧಾನವಾಗಿ ಬಿಡುತ್ತಾರೆ. ಮುಖ ಕೆಂಪೇರಿದರೆ, ಉಸಿರು ಕಟ್ಟಿದಂತಾದರೆ, ಎದೆ ಅಥವಾ ಬೆನ್ನು ಬಿಗಿದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಆಮೇಲೆ ಮೂತ್ರ ಕೆಂಪಗಾದರೆ ಅದು ಔಷಧದ ಬಣ್ಣ.

ಲೈಪೊಸೋಮಲ್ ಡಾಕ್ಸೊರುಬಿಸಿನ್ ಪಡೆದವರನ್ನು ಮನೆಗೆ ಮರಳಿದ ಮೇಲೆ ಕಾಡುವುದು ಅಂಗೈ ಅಂಗಾಲುಗಳ ಉರಿ, ಕೆಂಪು, ಸಿಪ್ಪೆ ಏಳುವಿಕೆ. ಶಾಖ ಮತ್ತು ಉಜ್ಜುವಿಕೆ ಇದನ್ನು ಹೆಚ್ಚಿಸುವುದರಿಂದ ಮೊದಲ ಕೆಲವು ದಿನ ಬಿಸಿನೀರಿನ ಸ್ನಾನ, ಪಾತ್ರೆ ತಿಕ್ಕುವುದು, ಬಟ್ಟೆ ಹಿಂಡುವುದು, ಬಿಗಿಯಾದ ಚಪ್ಪಲಿ ಹಾಕಿಕೊಂಡು ದೂರ ನಡೆಯುವುದು ಬೇಡ. ಬಾಯಿ ಹುಣ್ಣಾದರೆ ಖಾರದ ಸಾರು ಬಿಟ್ಟು ಆರಿದ ಗಂಜಿ, ಮೆತ್ತಗಿನ ಮೊಸರನ್ನ ಕೊಡಿ. ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುತ್ತಿರುವವರು ಹೂ ಕಟ್ಟುವಾಗ, ಗುಂಡಿ ಹಾಕಿಕೊಳ್ಳುವಾಗ ಬೆರಳು ಹಿಡಿತಕ್ಕೆ ಸಿಗದಿದ್ದರೆ ಮುಂದಿನ ಸೈಕಲ್‌ಗೆ ಮುಂಚೆ ಹೇಳಬೇಕು. ಪ್ರಮಾಣ ತಗ್ಗಿಸಲು ಆಗ ಇನ್ನೂ ಕಾಲ ಮೀರಿರುವುದಿಲ್ಲ.

ಯಾವ ರೂಪದ ಕೀಮೋ ಆದರೂ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಯಲಹಂಕದಲ್ಲಿ ಮನೆಯಿದ್ದು ಹೊಸೂರು ರಸ್ತೆಯಲ್ಲಿ ಚಿಕಿತ್ಸೆಯಾಗುತ್ತಿದ್ದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಅಷ್ಟು ದೂರ ಹೋಗುವುದೇ ಅಪಾಯ. ಹತ್ತಿರದಲ್ಲಿ ಹಗಲಿರುಳು ತುರ್ತು ಚಿಕಿತ್ಸೆ ಕೊಡುವ ಆಸ್ಪತ್ರೆ ಯಾವುದೆಂದು ವೈದ್ಯರನ್ನು ಕೇಳಿಟ್ಟುಕೊಂಡು, ಡಿಸ್ಚಾರ್ಜ್ ಸಮ್ಮರಿಯ ಫೋಟೊ ಮೊಬೈಲಿನಲ್ಲಿರಲಿ.

ಭಾರತೀಯ ವಿಜ್ಞಾನ ಸಂಸ್ಥೆಯಂಥ ನಗರದ ಸಂಸ್ಥೆಗಳ ನ್ಯಾನೊ ಸಂಶೋಧನೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಅದು ಜೀವಕೋಶಗಳ ಮೇಲೆ ನಡೆದದ್ದೇ, ಇಲಿಗಳ ಮೇಲೆಯೇ, ಮನುಷ್ಯರ ಮೇಲೆಯೇ ಎಂದು ಮೊದಲು ನೋಡಿ. ಮೊದಲೆರಡಾದರೆ ಔಷಧ ಸದ್ಯಕ್ಕೆ ನಿಮಗೆ ಸಿಗದು. ಯಾರಾದರೂ, ಮನುಷ್ಯರ ಮೇಲೆ ಔಷಧ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗೆ ಸೇರಿಕೊಳ್ಳಿ ಎಂದರೆ, ಅದರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಇಂಥ ಪರೀಕ್ಷೆಗಳನ್ನು ದೇಶದಲ್ಲಿ ನೋಂದಾಯಿಸುವ ಸಿಟಿಆರ್‌ಐ ಜಾಲತಾಣದಲ್ಲಿ ಪರಿಶೀಲಿಸಿ; 2009ರಿಂದ ಈ ನೋಂದಣಿ ಕಡ್ಡಾಯ. ಒಪ್ಪಿಗೆ ಪತ್ರ ನಿಮಗೆ ಓದಿ ಅರ್ಥವಾಗುವಂತೆ ಕನ್ನಡದಲ್ಲಿರಬೇಕು, ನೈತಿಕ ಸಮಿತಿಯ ಸಂಪರ್ಕ ಅದರಲ್ಲಿರಬೇಕು, ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ. ಯಾವಾಗ ಬೇಕಾದರೂ ಹೊರಬರಬಹುದು. ಸಹಿ ಹಾಕಿದ ಪತ್ರದ ಒಂದು ಪ್ರತಿಯನ್ನು ಅಂದೇ ಕೇಳಿ ಪಡೆದು ಫೈಲಿನಲ್ಲಿ ಸೇರಿಸಿ.