ನನ್ನ ನೋಟ್‌ಬುಕ್ಕಿನ ಮೂರನೇ ಕಾಲಂ

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, ಕನ್ನಡ ಮೀಡಿಯಂನಲ್ಲಿ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದೆ. ಅಮೆರಿಕ ಮತ್ತು ಇಂಗ್ಲೆಂಡಿನ ಕಂಪನಿಗಳ ಲೆಕ್ಕ ನೋಡುವ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇಂಗ್ಲಿಷ್ ವ್ಯಾಕರಣ ಚೆನ್ನಾಗಿ ಬರುತ್ತಿತ್ತು. ಮೇಲ್ ಬರೆಯುವುದೂ ಕಷ್ಟವಿರಲಿಲ್ಲ. ಆದರೆ ಫೋನಿನಲ್ಲಿ ಆ ಕಡೆಯವರು ಮಾತಾಡಿದರೆ, ಒಂದೊಂದು ಪದವೂ ಗೊತ್ತಿದ್ದರೂ ಮಾತು ಮಾತ್ರ ಅರ್ಥವಾಗುತ್ತಿರಲಿಲ್ಲ.

ಒಮ್ಮೆ ಅಮೆರಿಕದ ಮ್ಯಾನೇಜರ್ ಒಬ್ಬರನ್ನು, ಗುರುವಾರ ತಿಂಗಳ ಲೆಕ್ಕ ಒಟ್ಟಿಗೆ ನೋಡೋಣವೇ ಎಂದು ಕೇಳಿದೆ. ‘ಕ್ಯಾನ್ ಐ ಟೇಕ್ ಎ ರೇನ್ ಚೆಕ್?’ ಎಂದರು. ಅವರ ಊರಲ್ಲಿ ಮಳೆ ಹೇಗಿದೆ ನೋಡಿಕೊಂಡು ಬರುತ್ತಾರೇನೋ ಅಂದುಕೊಂಡು ‘ಶೂರ್’ ಎಂದೆ. ಗುರುವಾರ ರಾತ್ರಿ ಹತ್ತರವರೆಗೆ ಹೆಡ್‌ಫೋನ್ ಹಾಕಿಕೊಂಡು ಕಾದೆ. ಅವರು ಹೇಳಿದ್ದು ‘ಈಗ ಬೇಡ, ಇನ್ನೊಂದು ಸಲ ನೋಡೋಣ’ ಎಂದು. ಅದು ಗೊತ್ತಾಗಿದ್ದು ಮರುದಿನ.

ಆ ಮಾತು ಎಲ್ಲಿಂದ ಬಂತು ಎಂದು ಹುಡುಕಿದೆ. ಅದು ಬೇಸ್‌ಬಾಲ್‌ನಿಂದ ಬಂದದ್ದು. ಮಳೆ ಬಂದು ಪಂದ್ಯ ನಿಂತರೆ, ಕೈಯಲ್ಲಿದ್ದ ಟಿಕೆಟ್ಟಿನ ತುಂಡು ತೋರಿಸಿ ಬೇರೆ ದಿನ ಪಂದ್ಯ ನೋಡಬಹುದಿತ್ತು. 1880ರ ದಶಕದಿಂದಲೇ ಅಮೆರಿಕದಲ್ಲಿ ಆ ಪದ್ಧತಿ ಇತ್ತು. ಇದು ತಿಳಿದ ಮೇಲೆ ನನಗೆ ಒಂದು ದಾರಿ ಕಂಡಿತು. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಬೇಸ್‌ಬಾಲ್ ಹಾಗೆ. ‘ಇಂಟರ್‌ವ್ಯೂನಲ್ಲಿ ಗೂಗ್ಲಿ ಹಾಕಿದರು’ ಎಂದು ನಾವು ಹೇಳುತ್ತೇವೆ, ಅಲ್ವಾ? ಅವರು ಅಲ್ಲಿ ‘ಕರ್ವ್‌ಬಾಲ್’ ಎನ್ನುತ್ತಾರೆ. ಅದೂ ಬಾಗಿ ಬರುವ ಚೆಂಡೇ. ‘ಬಾಲ್‌ಪಾರ್ಕ್ ಫಿಗರ್’ ಕೇಳಿದರೆ ನಿಖರವಾದ ಲೆಕ್ಕ ಬೇಡ, ಕಣ್ಣಂದಾಜು ಸಾಕು. ಇಂಗ್ಲೆಂಡಿನವರ ಮಾತಿನಲ್ಲಿ ಹಡಗು, ಸಮುದ್ರ ಜಾಸ್ತಿ. ಹೊಸಬನಿಗೆ ಕೆಲಸ ಕಲಿಸುವುದಕ್ಕೆ ಹಗ್ಗ ತೋರಿಸುವುದು, ‘ಶೋ ದ ರೋಪ್ಸ್’, ಎನ್ನುತ್ತಾರೆ. ಹಾಯಿಹಡಗಿನಲ್ಲಿ ಯಾವ ಹಗ್ಗ ಯಾವುದಕ್ಕೆ ಎಂದು ತಿಳಿಯದವನು ಏನೂ ಮಾಡಲಾರ. ನಮ್ಮ ಮಾತಿನಲ್ಲಿ ಹೊಲ, ಎತ್ತು, ಬೇಲಿ ಇರುವ ಹಾಗೆಯೇ ಇದು.

ಆಗ ಒಂದು ನೋಟ್‌ಬುಕ್ ಇಟ್ಟೆ. ನೂರು ನುಡಿಗಟ್ಟು, ನೂರು ಅರ್ಥ ಬಾಯಿಪಾಠ ಮಾಡುವ ಪುಸ್ತಕಗಳನ್ನು ಮೊದಲೇ ಓದಿದ್ದೆ. ಅವುಗಳಲ್ಲಿ ಬೆಕ್ಕು ನಾಯಿಗಳ ಮಳೆ, ಅಂದರೆ ಜೋರು ಮಳೆಗೆ ಹೇಳುವ ‘ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್’, ತಪ್ಪದೆ ಇರುತ್ತದೆ. ನನ್ನ ಕೆಲಸದಲ್ಲಿ ಆ ಮಾತನ್ನು ಒಬ್ಬರ ಬಾಯಲ್ಲೂ ಕೇಳಿಲ್ಲ. ಹಾಗಾಗಿ ನಾನು ಕಿವಿಗೆ ಬಿದ್ದದ್ದನ್ನು ಮಾತ್ರ ಬರೆದೆ. ಮೊದಲ ಕಾಲಂನಲ್ಲಿ ಕೇಳಿದ ಇಡೀ ವಾಕ್ಯ. ಎರಡನೆಯದರಲ್ಲಿ ಯಾರು ಯಾರಿಗೆ ಹೇಳಿದರು, ಸಿಟ್ಟಿನಲ್ಲೋ ಸಲಿಗೆಯಲ್ಲೋ. ಮೂರನೆಯದರಲ್ಲಿ, ಅದೇ ಜಾಗದಲ್ಲಿ ನಮ್ಮಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು.

ನನಗೆ ಇಂಗ್ಲಿಷ್ ಕಲಿಸಿದ್ದು ಆ ಮೂರನೇ ಕಾಲಂ. ಒಂದು ದಿನ ಎರಡು ತಂಡಗಳ ಬಗ್ಗೆ ‘ದೇ ಆರ್ ನಾಟ್ ಆನ್ ದ ಸೇಮ್ ಪೇಜ್’ ಎಂದು ಕೇಳಿಸಿತು. ಅಮ್ಮ ಏನನ್ನುತ್ತಿದ್ದರು ಎಂದು ಯೋಚಿಸಿದೆ. ‘ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು.’ ಬರೆದುಕೊಂಡೆ, ಮತ್ತೆ ಮರೆಯಲಿಲ್ಲ. ‘ಐ ಆಮ್ ಆಲ್ ಇಯರ್ಸ್’ ಕೇಳಿದಾಗಲಂತೂ ಬಹಳ ಖುಷಿಯಾಯಿತು. ಮೈಯೆಲ್ಲ ಕಿವಿಯಾಗಿ ಕೇಳುವುದು ನಮ್ಮಲ್ಲೂ ಇದೆಯಲ್ಲ! ಮೂಗು ತೂರಿಸುವುದು, ಬೆನ್ನು ತಟ್ಟುವುದು, ಬೆಣ್ಣೆ ಹಚ್ಚುವುದು ಎರಡೂ ಕಡೆ ಒಂದೇ.

ಆದರೆ ಒಂದೇ ಥರ ಕಂಡು ಅರ್ಥ ಬೇರೆ ಇರುವವು ಕೆಟ್ಟವು. ‘ಗಿವ್ ಮಿ ಎ ಹ್ಯಾಂಡ್’ ಎಂದರೆ ಸಹಾಯ ಮಾಡು. ನಮ್ಮಲ್ಲಿ ‘ಕೈ ಕೊಟ್ಟ’ ಎಂದರೆ ನಂಬಿಸಿ ಬಿಟ್ಟುಹೋದ. ಕನ್ನಡದಿಂದ ಆ ಕಡೆ ಹೋಗುವಾಗಲೂ ಇದೇ ಪಾಡು. ಜೊತೆಯವರೊಬ್ಬರು ಗ್ರಾಹಕರ ಬಗ್ಗೆ ‘ಹಿ ಈಸ್ ಈಟಿಂಗ್ ಮೈ ಹೆಡ್’ ಎಂದಾಗ ಆ ಕಡೆ ಸದ್ದೇ ಇಲ್ಲ. ನಾನೂ ಪರಿಚಯದ ಮೇಲ್‌ನಲ್ಲಿ ‘ಐ ಪಾಸ್ಡ್ ಔಟ್ ಇನ್ 2008’ ಎಂದು ಬರೆದಿದ್ದೆ. ನಮಗೆ ಅದು ಡಿಗ್ರಿ ಮುಗಿಸಿದ್ದು. ಅಮೆರಿಕದವರಿಗೆ ಪ್ರಜ್ಞೆ ತಪ್ಪಿ ಬಿದ್ದದ್ದು. ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ: ಹೊರದೇಶದವರು ಓದುವ ಅರ್ಜಿಯಲ್ಲಿ ‘ಗ್ರಾಜುಯೇಟೆಡ್’ ಎಂದೇ ಬರೆಯಿರಿ.

ಅವರಲ್ಲೇ ಅವರಿಗೆ ಎಡವಟ್ಟಾಗುವುದೂ ಉಂಟು. ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಇಂಗ್ಲೆಂಡಿನವರಿಗೆ ಈಗಲೇ ಚರ್ಚೆಗೆ ತರೋಣ ಎಂದರ್ಥ, ಅಮೆರಿಕದವರಿಗೆ ಸದ್ಯಕ್ಕೆ ಪಕ್ಕಕ್ಕಿಡೋಣ ಎಂದರ್ಥ. ಎರಡನೇ ಮಹಾಯುದ್ಧದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಈ ಒಂದು ಪದಕ್ಕಾಗಿ ತುಂಬ ಹೊತ್ತು ಜಗಳವಾಡಿದರು, ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದು ಒಂದೇ ಆಗಿತ್ತು ಎಂದು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇದನ್ನು ಓದಿದ ಮೇಲೆ, ಗೊತ್ತಾಗದಿದ್ದರೆ ಕೇಳಲು ನನಗಿದ್ದ ಅಳುಕು ಹೋಯಿತು. ಈಗ ‘ಹಾಗಂದರೆ ಇವತ್ತೇ ಮಾತಾಡೋಣವಾ, ಆಮೇಲಾ?’ ಎಂದು ನೇರವಾಗಿ ಕೇಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಇನ್ನೊಂದು ಅಭ್ಯಾಸವನ್ನೂ ಬಿಟ್ಟಿಲ್ಲ. ಕೇಳಿ ತಿಳಿದದ್ದನ್ನೆಲ್ಲ ತಕ್ಷಣ ಬಳಸುವುದಿಲ್ಲ. ಮೂರು ಬೇರೆ ಬೇರೆ ಜನರ ಬಾಯಲ್ಲಿ ಕೇಳುವವರೆಗೆ ಕಾಯುತ್ತೇನೆ. ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳಲ್ಲಿ ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಷನ್ಡ್’ ಎಂಬ ಗುರುತು ಇರುತ್ತದೆ. ಅರ್ಥಕ್ಕಿಂತ ಮೊದಲು ಅದನ್ನೇ ನೋಡುತ್ತೇನೆ.

ನೋಟ್‌ಬುಕ್ಕಿನಲ್ಲಿ ಇನ್ನೂ ಕೆಲವು ಕಡೆ ಮೂರನೇ ಕಾಲಂ ಖಾಲಿ ಇದೆ. ‘ದಿ ಎಲಿಫೆಂಟ್ ಇನ್ ದ ರೂಮ್’ ಅದರಲ್ಲೊಂದು. ಕೋಣೆಯಲ್ಲಿ ಆನೆ ನಿಂತಿದೆ, ಎಲ್ಲರಿಗೂ ಕಾಣುತ್ತಿದೆ, ಯಾರೂ ಅದರ ಮಾತೆತ್ತುತ್ತಿಲ್ಲ. ಕಳೆದ ಸಲ ಊರಿಗೆ ಹೋದಾಗ ಅಮ್ಮನಿಗೆ ವಿವರಿಸಿ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಅಂಥದ್ದು ಎಲ್ಲರ ಮನೇಲೂ ಇರುತ್ತೆ ಕಣೋ, ಅದಕ್ಕೆ ಹೆಸರು ಯಾರಿಟ್ಟಿದ್ದಾರೆ?’ ಎಂದರು. ಆ ಜಾಗ ಹಾಗೇ ಇದೆ. ನಿಮ್ಮ ಕಡೆ ಇದಕ್ಕೊಂದು ಮಾತಿದ್ದರೆ ನನಗೆ ಬೇಕು.