ಅಂಗವಿಕಲ ಮಕ್ಕಳಿಗೆ 18 ತುಂಬುವ ಮುಂಚೆ ಕಾಗದ ಪತ್ರ ಸರಿ ಮಾಡಿಕೊಳ್ಳಿ

ನಾನು ಸೇಡಂ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ನನಗೂ ಒಂದು ಕಾಲಿಗೆ ಪೋಲಿಯೊ. ಬಂದವರೆಲ್ಲ "ಅಕ್ಕಾ, ಪಗಾರ ಎಷ್ಟು ಬರ್ತದ?" ಎಂದೇ ಶುರು ಮಾಡುತ್ತಾರೆ. ಪಗಾರ ಅಂದರೆ ನಮ್ಮ ಕಡೆ ಅಂಗವಿಕಲರ ಮಾಸಾಶನ. ನಾನು ಮೊದಲು ಆಧಾರ್ ಕೇಳುತ್ತೇನೆ.

ಆಧಾರ್‌ನಲ್ಲಿ ಭೀಮಾಶಂಕರ, ಟಿಸಿಯಲ್ಲಿ ಭೀಮರಾಯ, ಪಾಸ್‌ಬುಕ್‌ನಲ್ಲಿ ಬರೀ ಭೀಮು. ನಮ್ಮ ಕಡೆ ಮನೆಮನೆಯಲ್ಲೂ ಇದೇ ಕಥೆ. 15 ವರ್ಷಕ್ಕೆ ಬೆರಳಚ್ಚು ಮತ್ತೆ ಕೊಡಲೇಬೇಕಲ್ವಾ, ಆಗಲೇ ಹೆಸರನ್ನೂ ಸರಿ ಮಾಡಿಸಿ.

ಆಮೇಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ನಮ್ಮ ಊರಿನವರು ತಪಾಸಣೆಗೆ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಹಳೆಯ ಚೀಟಿ, ಎಕ್ಸ್‌ರೇ ಎಲ್ಲಾ ಒಯ್ಯಿರಿ. ಬಹುತೇಕ ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ ಶೇ. 40 ಇರಲೇಬೇಕು. ಚಿಕ್ಕಂದಿನಲ್ಲಿ ಮಾಡಿಸಿದ ಕಾರ್ಡ್ ಇದ್ದರೆ ಅವಧಿ ನೋಡಿ. ತಾತ್ಕಾಲಿಕ ಆಗಿದ್ದರೆ ಮತ್ತೆ ತಪಾಸಣೆ ಆಗಬೇಕು.

ಪಗಾರಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಆದಾಯ ಪ್ರಮಾಣಪತ್ರ ಬೇಕು. ಅರ್ಜಿ ಕೊಟ್ಟ ರಸೀದಿ ಜೋಪಾನ. ಮಂಜೂರಾದರೂ ದುಡ್ಡು ಬಂದಿಲ್ಲ ಎಂದು ಜಾಸ್ತಿ ಜನ ಬರುತ್ತಾರೆ. ಎರಡು ಮೂರು ಖಾತೆ ಇದ್ದರೆ, ಆಧಾರ್ ಕೊನೆಗೆ ಯಾವುದಕ್ಕೆ ಸೀಡಿಂಗ್ (ಜೋಡಣೆ) ಆಗಿದೆಯೋ ಅದಕ್ಕೇ ಜಮಾ ಆಗುತ್ತದೆ. ಎಂದೋ ತೆಗೆದು ಮರೆತ ಖಾತೆಯಲ್ಲಿ ಅದು ಸುಮ್ನೆ ಬಿದ್ದಿರುತ್ತದೆ. ಬ್ಯಾಂಕಿನಲ್ಲಿ ಕೇಳಿ ನೋಡಿ.

ಇನ್ನು ತಂದೆತಾಯಿ ಗಮನಕ್ಕೇ ಬಾರದ ಸಂಗತಿ. 18 ತುಂಬಿದ ಮೇಲೆ ಕಾನೂನಿನ ಕಣ್ಣಲ್ಲಿ ನೀವು ಮಗನ ಪಾಲಕರಲ್ಲ. ಸಹಿ ಮಾಡಬಲ್ಲ ಹುಡುಗನಾದರೆ ಚಿಂತೆಯಿಲ್ಲ, ಮಾಡಲಿ ಬಿಡಿ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯ ಇದ್ದು, ವ್ಯವಹಾರ ನೋಡಿಕೊಳ್ಳಲು ಆಗದಿದ್ದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕತ್ವಕ್ಕೆ ಅರ್ಜಿ ಹಾಕಬೇಕು. ಇದನ್ನು ನೋಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ. ಬ್ಯಾಂಕಿನವರು ಆ ಪತ್ರ ಕೇಳಿದ ದಿನ ಓಡಾಡುವ ಬದಲು ಮೊದಲೇ ಹಾಕಿ. ಇದೇ ನಾಲ್ಕು ತೊಂದರೆ ಇರುವವರಿಗೆ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ 1 ಲಕ್ಷದವರೆಗೆ.

ಓದಿದವರು ಕೆಲಸದ ಅರ್ಜಿಗೆ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನೂ ಮಾಡಿಸಿಕೊಳ್ಳಲಿ. ಅಂಗವಿಕಲರ ಮೀಸಲಾತಿ ಬೇರೆ, ಇದು ಬೇರೆ. ಎರಡೂ ಬೇಕು.

ದಲ್ಲಾಳಿಗೆ ದುಡ್ಡು ಕೊಡಬೇಡಿ. ನಿಮ್ಮ ಪಂಚಾಯಿತಿಯ ಕಾರ್ಯಕರ್ತರನ್ನು ಕೇಳಿ, ನಮಗೆ ಗೌರವಧನ ಕೊಡುವುದೇ ಇದಕ್ಕೆ. ಹಾಗೆಯೇ ಸೇವಾಸಿಂಧುವಿನಲ್ಲಿ ರಿಯಾಯಿತಿ ಬಸ್ ಪಾಸಿಗೂ ಹಾಕಿಬಿಡಿ. ಊರಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ, ಕಲಬುರಗಿ ಓಡಾಟಕ್ಕೆ ಸಾಕು.